ಗುಂಡಿಕ್ಕಲು ಅಪ್ಪಣೆಯಿದೆ, ಗುರಿ ತಪ್ಪದ ತೋಟಾ ಎಲ್ಲಿದೆ?

ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ಸಂಜೆ ನಮ್ಮ ವಾಚನಾಲಯದ ಜಗಲಿಗೆ ನೆರೆಯ ಗ್ರಾಮದ ಹಿರಿಯ ಕೃಷಿಕರೊಬ್ಬರು ಬಂದು ಕುಳಿತರು. ಹೆಗಲ ಮೇಲಿನ ಬೈರಾಸಿನ ಗಂಟು ಬಿಚ್ಚಿ ನಾಲ್ಕು ತೋಟಾಗಳನ್ನೂ ನಾಲ್ಕಾಗಿ ಮಡಚಿದ ಒಂದು ಕಾಗದವನ್ನೂ ಮುಂದಿಟ್ಟರು. "ಮಾಷ್ಟ್ರೇ, ಇದರಲ್ಲಿ ಹಂದಿಗೆ ಯಾವುದು ಅಂತ ಸ್ವಲ್ಪ ನೋಡಿ ಹೇಳಿ. ಅಂಗಡಿಯವರು ಇದ್ದದ್ದನ್ನು ಕೊಟ್ಟರು. ಕಾಗದ ಮಲೆಯಾಳದಲ್ಲಿ ಉಂಟು, ನನಗೆ ಓದಲಿಕ್ಕೆ ಬರುವುದಿಲ್ಲ" ಎಂದರು. ನಾಲ್ಕು ತೋಟಾಗಳಲ್ಲಿ ಎರಡರ ಮೇಲೆ ಎಲ್‌ಜಿ ಎಂದೂ ಒಂದರ ಮೇಲೆ ಬಿಬಿ ಎಂದೂ ಅಚ್ಚಾಗಿತ್ತು. ಇನ್ನೊಂದರ ಅಕ್ಷರ ಮಾಸಿಹೋಗಿತ್ತು. ಅವರ ಕೋವಿ ತಂದೆಯ ಕಾಲದ ಜೋಡುನಳಿಗೆಯದು. ಅದರ ಗರ್ಭ 65 ಮಿಲಿಮೀಟರ್ ತೋಟಾಕ್ಕೆ ಕೊರೆದದ್ದು. ಅಂಗಡಿಯವರು ಕೊಟ್ಟ ಪೈಕಿ ಎರಡು ತೋಟಾಗಳು 70 ಮಿಲಿಮೀಟರಿನವು.

ಈ ಪ್ರಸಂಗವನ್ನು ಬೇಟೆಯ ಹುಮ್ಮಸ್ಸಿನಿಂದ ನಾವು ಇಲ್ಲಿ ಹೇಳುತ್ತಿಲ್ಲ. ನಮ್ಮಲ್ಲಿ ಹೆಚ್ಚಿನವರು ಕೋವಿ ಹಿಡಿದವರೂ ಅಲ್ಲ. ಆದರೆ ಕಾಡುಹಂದಿಯ ಹಾವಳಿಯಿಂದ ನಿದ್ದೆಗೆಟ್ಟ ಮನೆಗಳ ಮಕ್ಕಳು ಬೆಳಗಿನ ಮೊದಲ ಪಾಠದಲ್ಲೇ ತೂಕಡಿಸುವುದನ್ನು ನಾವು ದಿನವೂ ಕಾಣುತ್ತಿದ್ದೇವೆ. ಮರಗೆಣಸು, ಸುವರ್ಣಗೆಡ್ಡೆ, ಬಾಳೆ, ಎಳೆಯ ತೆಂಗು, ಅಡಿಕೆ ಸಸಿ, ಅಳಿದುಳಿದ ಬತ್ತದ ಗದ್ದೆ ಎಲ್ಲವೂ ಒಂದೇ ರಾತ್ರಿಯಲ್ಲಿ ಉತ್ತು ಹಾಕಿದಂತಾಗುವುದನ್ನು ಕಂಡಿದ್ದೇವೆ. ಹಂದಿಯನ್ನು ಕೊಲ್ಲಲು ಸರಕಾರ ಅಪ್ಪಣೆ ಕೊಟ್ಟಿದೆ ಎಂದು ಎಲ್ಲರೂ ಹೇಳುತ್ತಾರೆ. ಯಾವ ಕೋವಿಯಿಂದ, ಯಾವ ತೋಟಾದಿಂದ, ಎಷ್ಟು ದೂರದಿಂದ, ಯಾರು ಕಲಿಸಿದ ಕೈಯಿಂದ ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಅಪ್ಪಣೆಯ ಪ್ರಯೋಜನವೆಲ್ಲ ನಿಂತಿರುವುದು ಈ ಪ್ರಶ್ನೆಗಳ ಉತ್ತರದ ಮೇಲೆ.

ಕಾನೂನು ಎಲ್ಲಿ ನಿಂತಿದೆ

1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಲ್ಲಿ ಕಾಡುಹಂದಿ ಹಿಂದೆ ಮೂರನೆಯ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಅದು ಎರಡನೆಯ ಅನುಸೂಚಿಗೆ ಸೇರಿದೆ. ಬೆಳೆಗೆ, ಆಸ್ತಿಗೆ ಅಥವಾ ಮನುಷ್ಯರ ಜೀವಕ್ಕೆ ಅಪಾಯವೊಡ್ಡುವ ಇಂಥ ಪ್ರಾಣಿಯನ್ನು ಕೊಲ್ಲಲು 11ನೆಯ ಕಲಮಿನಡಿ ಮುಖ್ಯ ವನ್ಯಜೀವಿ ವಾರ್ಡನರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಆದೇಶ ನೀಡಬಹುದು. ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಈ ಅಧಿಕಾರವನ್ನು ಸ್ಥಳೀಯಾಡಳಿತಕ್ಕೆ ಇಳಿಸಿತು. ಪಂಚಾಯತು ಅಧ್ಯಕ್ಷರು, ನಗರಸಭಾಧ್ಯಕ್ಷರು ಗೌರವ ವನ್ಯಜೀವಿ ವಾರ್ಡನರಾದರು. ಪರವಾನಗಿಯುಳ್ಳ ಕೋವಿಗಾರರ ಮೂಲಕ ಹಂದಿಯನ್ನು ಹೊಡೆಸಬಹುದು. ವಿಷ, ಸ್ಫೋಟಕ, ವಿದ್ಯುತ್ತು ಕೂಡದು. ಸತ್ತ ಪ್ರಾಣಿಯನ್ನು ಹೂಳಬೇಕು, ಮಾಂಸ ಬಳಸಕೂಡದು. ಹಂದಿಯನ್ನು 62ನೆಯ ಕಲಮಿನಡಿ ಉಪದ್ರವಕಾರಿ ಪ್ರಾಣಿಯೆಂದು ಘೋಷಿಸಬೇಕೆಂಬ ಕೇರಳದ ಬೇಡಿಕೆಯನ್ನು ಕೇಂದ್ರ ಒಪ್ಪಲಿಲ್ಲ. 2024ರ ಮಾರ್ಚಿಯಲ್ಲಿ ಮನುಷ್ಯ-ವನ್ಯಜೀವಿ ಸಂಘರ್ಷವನ್ನು ರಾಜ್ಯವು ವಿಶೇಷ ವಿಪತ್ತೆಂದು ಘೋಷಿಸಿತು. 2025ರ ಅಕ್ಟೋಬರಿನಲ್ಲಿ ವಿಧಾನಸಭೆ ಕೇಂದ್ರ ಕಾನೂನಿಗೆ ತನ್ನದೇ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ವನ್ಯಪ್ರಾಣಿಗಳ ವಿಷಯ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕೇಂದ್ರ ಕಾನೂನಿಗೆ ವಿರುದ್ಧವಾದ ಇಂಥ ತಿದ್ದುಪಡಿ ನೆಲೆ ನಿಲ್ಲಲು ರಾಷ್ಟ್ರಪತಿಗಳ ಅಂಕಿತ ಬೇಕು.

ಇಷ್ಟೆಲ್ಲ ಚರ್ಚೆ ನಡೆದದ್ದು 'ಕೊಲ್ಲಬಹುದೇ' ಎಂಬುದರ ಸುತ್ತ. 'ಹೇಗೆ' ಎಂಬುದನ್ನು ನಿರ್ಧರಿಸುವುದು ಇನ್ನೊಂದು ಕಾನೂನು. 1959ರ ಆಯುಧ ಕಾನೂನು. ಅದರ 13ನೆಯ ಕಲಮು ಬೆಳೆ ರಕ್ಷಣೆಗೆಂದು ಹೇಳುವುದು ಮೊದಲಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಹಿರಿಯರ ಕೇಪಿನ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಇಪ್ಪತ್ತು ಇಂಚಿಗೆ ಕಡಿಮೆಯಲ್ಲದ ನಳಿಗೆಯ, ಒಳಮೈ ನುಣುಪಾದ ತೋಟಾ ಕೋವಿಯನ್ನು ಕೊಡಬಹುದು. ಒಳಮೈಯಲ್ಲಿ ಸುರುಳಿ ಗೀರುಗಳುಳ್ಳ ರೈಫಲ್ ಈ ಬೆಳೆ ರಕ್ಷಣೆಯ ಏರ್ಪಾಡಿನೊಳಗೆ ಬರುವುದೇ ಇಲ್ಲ. ಅದಕ್ಕೆ ಬೇರೆ ಕಾರಣ ತೋರಿಸಿ ಬೇರೆ ಪರವಾನಗಿ ಪಡೆಯಬೇಕು. ಹಾಗಾಗಿ ನಮ್ಮ ಗ್ರಾಮಗಳಲ್ಲಿ ಇರುವ ಕೋವಿಗಳಲ್ಲಿ ಬಹುಪಾಲು ಹನ್ನೆರಡು ಬೋರಿನವು. ನೂರು ಕಿಲೋಗ್ರಾಂ ತೂಗಬಲ್ಲ, ದಪ್ಪ ಚರ್ಮದ, ಗಾಯಗೊಂಡರೆ ತಿರುಗಿಬೀಳುವ ಪ್ರಾಣಿಯನ್ನು ಕೊಲ್ಲಲು ನಾವು ಕಳುಹಿಸುತ್ತಿರುವುದು ಬಹುತೇಕ ಹಕ್ಕಿಗೂ ಮೊಲಕ್ಕೂ ರೂಪುಗೊಂಡ ಕೋವಿಯನ್ನು.

ಚರೆಯ ಲೆಕ್ಕ

ಹನ್ನೆರಡು ಬೋರಿನ ತೋಟಾದ ಮೇಲಿನ ಅಕ್ಷರಗಳು ಒಳಗಿರುವ ಚರೆಯ ಗಾತ್ರವನ್ನು ಹೇಳುತ್ತವೆ. ಬಿಬಿ ದೊಡ್ಡ ಹಕ್ಕಿಗೆ, ಮೊಲಕ್ಕೆ ಸಾಕಾಗುವ ಚರೆ. ಎಸ್‌ಜಿ ಎಂಬುದರಲ್ಲಿ ಎಂಟು ಮಿಲಿಮೀಟರಿಗೆ ಮೀರಿದ ವ್ಯಾಸದ ಸುಮಾರು ಒಂಬತ್ತು ಚರೆಗಳಿರುತ್ತವೆ. ಎಲ್‌ಜಿಯಲ್ಲಿ ಅದಕ್ಕಿಂತ ದಪ್ಪದವು, ಸಂಖ್ಯೆಯಲ್ಲಿ ಇನ್ನೂ ಕಡಿಮೆ. ಹಂದಿಗೆ ಬಿಬಿ ಹೊಡೆಯುವುದೆಂದರೆ ಅದಕ್ಕೆ ಗಾಯ ಮಾಡಿ ಓಡಿಸುವುದು. ಕೊಬ್ಬಿನ ಪದರದಲ್ಲಿ ಚರೆ ನಿಲ್ಲುತ್ತದೆ, ಹಂದಿ ಪೊದೆ ಸೇರುತ್ತದೆ, ಎರಡು ದಿನ ನರಳಿ ಎಲ್ಲೋ ತೋಡಿನ ಬದಿಯಲ್ಲಿ ಸಾಯುತ್ತದೆ. ಇಲ್ಲವೆ ಮರುದಿನ ಮುಂಜಾನೆ ಹಾಲು ಕೊಡಲು ಹೊರಟವರ ಎದುರು ನಿಲ್ಲುತ್ತದೆ.

ದಪ್ಪ ಚರೆಯಾದರೆ ಸಾಕೆ? ಇಲ್ಲಿ ಶಾಲೆಯ ಗಣಿತ ನೆರವಿಗೆ ಬರುತ್ತದೆ. ನಳಿಗೆಯಿಂದ ಹೊರಟ ಚರೆಗಳು ಸ್ಥೂಲವಾಗಿ ಪ್ರತಿ ಮೀಟರಿಗೆ ಎರಡೂವರೆ ಸೆಂಟಿಮೀಟರಿನಂತೆ ಹರಡುತ್ತವೆ. ಹಂದಿಯ ಹೃದಯ, ಶ್ವಾಸಕೋಶಗಳಿರುವ ಮರ್ಮಸ್ಥಾನವನ್ನು ಸುಮಾರು 15 ಸೆಂಟಿಮೀಟರ್ ವ್ಯಾಸದ ವೃತ್ತವೆಂದು ಹಿಡಿಯೋಣ. ಮೂವತ್ತು ಮೀಟರಿನಲ್ಲಿ ಚರೆಗಳ ಹರವು 75 ಸೆಂಟಿಮೀಟರ್. ವೃತ್ತಗಳ ವಿಸ್ತಾರ ವ್ಯಾಸದ ವರ್ಗಕ್ಕನುಗುಣವಾದ್ದರಿಂದ ಮರ್ಮಸ್ಥಾನವು ಆ ಹರವಿನ ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ. ಒಂಬತ್ತು ಚರೆಗಳು ಸಮನಾಗಿ ಹರಡಿದರೆ ಅಲ್ಲಿ ಒಂದಾದರೂ ಬೀಳುವುದು ಖಚಿತವಿಲ್ಲ. ಸರಾಸರಿ ಮೂರು ಈಡಿಗೆ ಒಂದು ಚರೆ. ಹದಿನೈದು ಮೀಟರಿಗೆ ಬಂದರೆ ಹರವು ಅರ್ಧಕ್ಕಿಳಿದು, ಸರಾಸರಿ ಒಂದೂವರೆ ಚರೆ ಮರ್ಮಕ್ಕೆ ತಾಗುತ್ತದೆ. ವಾಸ್ತವದಲ್ಲಿ ಚರೆಗಳು ನಡುವಿನಲ್ಲಿ ಹೆಚ್ಚು ದಟ್ಟವಾಗಿರುತ್ತವೆ, ನಳಿಗೆಯ ಬಾಯಿ ಎಷ್ಟು ಕಿರಿದಾಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆದರೂ ಪಾಠ ಸ್ಪಷ್ಟ: ಇಪ್ಪತ್ತು ಮೀಟರಿನ ಆಚೆಗೆ ಚರೆಯನ್ನು ನಂಬುವುದು ಅದೃಷ್ಟವನ್ನು ನಂಬಿದಂತೆ.

ಈ ಅಂದಾಜನ್ನು ಯಾರೂ ಬಾಯಿಮಾತಿನಲ್ಲಿ ಒಪ್ಪಬೇಕಾಗಿಲ್ಲ. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಒಂದು ಮೀಟರ್ ಅಗಲದ ಹಾಳೆ ಮಾಡಿ, ಹಿಂದೆ ಮಣ್ಣಿನ ದಿಬ್ಬವಿರುವ ಕಡೆ, ಅಧಿಕಾರಿಗಳ ಅನುಮತಿಯಿಂದ, ಹತ್ತು, ಹದಿನೈದು, ಇಪ್ಪತ್ತು, ಮೂವತ್ತು ಮೀಟರಿನಿಂದ ಒಂದೊಂದು ಈಡು ಹೊಡೆದು ರಂಧ್ರಗಳನ್ನು ಎಣಿಸಿದರೆ ಆಯಿತು. ಒಂದೇ ಅಕ್ಷರದ ತೋಟಾವಾದರೂ ಒಂದು ಕಾರ್ಖಾನೆಯದು ಒಂದು ಕೋವಿಯಲ್ಲಿ ಒತ್ತಾಗಿ ಬೀಳುತ್ತದೆ, ಇನ್ನೊಂದರದು ಚದುರುತ್ತದೆ. ಕೋವಿಯ ಯಜಮಾನನಿಗೆ ತನ್ನ ಕೋವಿಯ ಮಿತಿ ಎಷ್ಟು ಮೀಟರ್ ಎಂಬುದು ಈ ಹಾಳೆಯಿಂದ ಮಾತ್ರ ತಿಳಿದೀತು.

ತೋಟಾದ ಉದ್ದದ ಮಾತು ಇನ್ನೂ ಗಂಭೀರ. 70 ಮಿಲಿಮೀಟರ್ ಎಂಬುದು ತೋಟಾ ಸಿಡಿದು ಬಾಯಿ ಬಿಚ್ಚಿದ ಮೇಲಿನ ಉದ್ದ. ಮಡಚಿದ ಸ್ಥಿತಿಯಲ್ಲಿ ಅದು 65ರ ಗರ್ಭದೊಳಗೆ ಸಲೀಸಾಗಿ ಕುಳಿತುಬಿಡುತ್ತದೆ. ಹೊಡೆದಾಗ ಬಾಯಿ ಪೂರ್ತಿ ಬಿಚ್ಚಲು ಎಡೆಯಿಲ್ಲದೆ ಒತ್ತಡ ಏರುತ್ತದೆ. ಹಳೆಯ ನಳಿಗೆಗೆ ಅದು ಅಪಾಯ, ಹಿಡಿದವರ ಕೈಗೂ ಕಣ್ಣಿಗೂ ಅಪಾಯ. 'ಒಳಗೆ ಹೋಯಿತಲ್ಲ, ಸರಿಯಾಗಿರಬೇಕು' ಎಂಬ ಊಹೆ ಸಲ್ಲದು. ನಮ್ಮ ಜಗಲಿಗೆ ಬಂದ ಹಿರಿಯರ ಗಂಟಿನಲ್ಲಿದ್ದ ನಿಜವಾದ ಅಪಾಯ ಅದು.

ರೈಫಲಿನ ತೋಟಾ: ಯಾವುದು ಒಳ್ಳೆಯದು?

ಪಂಚಾಯತುಗಳ ಪಟ್ಟಿಯಲ್ಲಿರುವ ಕೆಲವೇ ಕೋವಿಗಾರರ ಬಳಿ ರೈಫಲ್ ಇರುತ್ತದೆ. ಇಂಥವರು ಹೆಚ್ಚಬೇಕೆಂಬುದೇ ನಮ್ಮ ವಾದದ ಒಂದು ಭಾಗ. ಆದ್ದರಿಂದ ರೈಫಲಿನ ತೋಟಾವನ್ನು ಆರಿಸುವ ಬಗೆ ನಾಗರಿಕರಾದ ನಮಗೂ ತಿಳಿದಿರಬೇಕು.

ನಮ್ಮ ದೇಶದಲ್ಲಿ ನಾಗರಿಕರ ಕೈಯಲ್ಲಿ ಹೆಚ್ಚಾಗಿ ಕಾಣುವುದು .315 ಬೋರಿನ ರೈಫಲ್. ಬಂಗಾಳದ ಇಷಾಪುರದ ಸರಕಾರಿ ಕಾರ್ಖಾನೆಯ ಹೆಸರಿನೊಂದಿಗೆ ಅದು ಬೆಸೆದುಕೊಂಡಿದೆ. ಸೇನೆಯ ತೋಟಾ ನಾಗರಿಕರ ಕೋವಿಗೆ ಹೊಂದಬಾರದೆಂಬ ಬ್ರಿಟಿಷರ ಕಾಲದ ನೀತಿಯಿಂದ .303 ನಿಷಿದ್ಧವಾಗಿ, ಆಸ್ಟ್ರಿಯಾದ ಹಳೆಯ ಎಂಟು ಮಿಲಿಮೀಟರ್ ತೋಟಾದ ಜಾಡಿನಲ್ಲಿ ಬಂದ ಈ .315 ಬಳಕೆಗೆ ಉಳಿಯಿತು. ಗುಂಡು ತೂಕದ್ದು, ವೇಗ ಸಾಧಾರಣ. ಇನ್ನೊಂದು, 1906ರಲ್ಲಿ ಅಮೆರಿಕದಲ್ಲಿ ರೂಪುಗೊಂಡ .30-06. ಅದರ ವೇಗವೂ ದೂರವೂ ಹೆಚ್ಚು. ದೇಶದೊಳಗಿನ ತೋಟಾಗಳಲ್ಲಿ ಮುಖ್ಯವಾದವು ಪುಣೆಯ ಖಡ್ಕಿಯ ಕಾರ್ಖಾನೆಯವು. 1869ರಲ್ಲಿ ಸ್ಥಾಪನೆಯಾದ ಈ ಕಾರ್ಖಾನೆ 2021ರ ಅಕ್ಟೋಬರಿನಿಂದ ಮ್ಯೂನಿಷನ್ಸ್ ಇಂಡಿಯಾ ಎಂಬ ಸರಕಾರಿ ಕಂಪೆನಿಯ ಅಧೀನದಲ್ಲಿದೆ. ಹೊರದೇಶದ ತೋಟಾಗಳು ಪೇಟೆಯಲ್ಲಿ ಸಿಕ್ಕರೂ ಬೆಲೆಯ ಕಾರಣದಿಂದ ಸಾಮಾನ್ಯ ಕೃಷಿಕರ ಕೈಗೆಟುಕವು.

ಎಲ್ಲ ರೈಫಲುಗಳಿಗೂ ಉತ್ತಮವಾದ ತೋಟಾ ಎಂಬುದೊಂದು ಇಲ್ಲ. ಮದ್ದಿನ ಪ್ರಮಾಣ, ಗುಂಡಿನ ತೂಕ ಮತ್ತು ಆಕಾರ, ತೋಟಾದ ಬಾಯಿಯಲ್ಲಿ ಗುಂಡು ಎಷ್ಟು ಆಳಕ್ಕೆ ಕುಳಿತಿದೆ ಎಂಬುದು, ನಳಿಗೆಯೊಳಗಿನ ಸುರುಳಿಯ ಬಿಗುವು, ಹೊಡೆದಾಗ ನಳಿಗೆ ನಡುಗುವ ರೀತಿ ಇವೆಲ್ಲ ಕೂಡಿ ಗುಂಡು ಎಲ್ಲಿಗೆ ಹೋಗಬೇಕೆಂಬುದನ್ನು ನಿರ್ಧರಿಸುತ್ತವೆ. ಒಂದೇ ಕಾರ್ಖಾನೆಯಿಂದ ಒಂದೇ ವರ್ಷ ಹೊರಬಂದ ಎರಡು ರೈಫಲುಗಳು ಎರಡು ಬೇರೆ ತೋಟಾಗಳನ್ನು ಮೆಚ್ಚಬಹುದು. ಅಂಗಡಿಯವರು ಹೇಳಿದ್ದಾಗಲಿ, ನೆರೆಯವರ ಅನುಭವವಾಗಲಿ, ಡಬ್ಬಿಯ ಮೇಲಿನ ಬಣ್ಣನೆಯಾಗಲಿ ಇದನ್ನು ತೀರ್ಮಾನಿಸಲಾರದು. ರೈಫಲನ್ನೇ ಕೇಳಬೇಕು.

ಕೇಳುವ ಕ್ರಮ ಕಷ್ಟದ್ದಲ್ಲ. ಸಿಗುವ ಎರಡು ಮೂರು ಬಗೆಯ ತೋಟಾಗಳನ್ನು ತರಬೇಕು. ಹೊಯಿಗೆ ತುಂಬಿದ ಚೀಲದ ಮೇಲೆ ರೈಫಲನ್ನು ಅಲುಗದಂತೆ ಇರಿಸಿ, ಮೊದಲು ಇಪ್ಪತ್ತೈದು ಮೀಟರಿನಲ್ಲಿ ಗುಂಡು ಹಾಳೆಗೆ ತಾಗುತ್ತದೆಂದು ಖಚಿತಪಡಿಸಿಕೊಂಡು, ಬಳಿಕ ನೂರು ಮೀಟರಿನಲ್ಲಿ ಐದೈದು ಗುಂಡುಗಳ ಗುಂಪು ಹೊಡೆಯಬೇಕು. ಗುಂಪಿನಿಂದ ಗುಂಪಿಗೆ ನಳಿಗೆ ತಣಿಯಲು ಬಿಡಬೇಕು. ಹಾಳೆಯಲ್ಲಿ ಅತಿ ದೂರವಿರುವ ಎರಡು ರಂಧ್ರಗಳ ನಡುವಣ ಅಂತರ ಅಳೆದರೆ ಆ ತೋಟಾದ ಅಳತೆ ಸಿಕ್ಕಿತು. ಮೂರೇ ಗುಂಡುಗಳ ಗುಂಪು ಕಣ್ಣಿಗೆ ಅಂದವಾಗಿ ಕಂಡೀತು. ಆದರೆ ಗುಂಡುಗಳು ಕಡಿಮೆಯಾದಷ್ಟೂ ಅದೃಷ್ಟದ ಪಾಲು ಹೆಚ್ಚು. ಒಂದೊಂದು ಬಗೆಗೆ ಎರಡಾದರೂ ಗುಂಪು ಬೇಕು. ಎಣ್ಣೆ ಸವರಿದ ತಣ್ಣನೆಯ ನಳಿಗೆಯ ಮೊದಲ ಗುಂಡು ಉಳಿದವುಗಳಿಂದ ದೂರ ಬೀಳುವುದುಂಟು. ತೋಟದಲ್ಲಿ ಹಂದಿ ಎದುರಾದಾಗ ಸಿಗುವುದು ಆ ಮೊದಲ ಗುಂಡಿನ ಅವಕಾಶ ಮಾತ್ರ. ಆದ್ದರಿಂದ ನಳಿಗೆಯ ಎಣ್ಣೆ ಒರೆಸಿ ಹೊಡೆಯುವ ಅಭ್ಯಾಸವೂ, ಮೊದಲ ಗುಂಡನ್ನು ಬೇರೆ ಗುರುತಿಸುವ ಅಭ್ಯಾಸವೂ ಬೇಕು.

ಎಷ್ಟು ನಿಖರತೆ ಸಾಕು? ಗುರಿಗಾರರು ಮಿನಿಟ್ ಆಫ್ ಆಂಗಲ್ ಎಂಬ ಮಾನ ಬಳಸುತ್ತಾರೆ. ಒಂದು ಮಾನವೆಂದರೆ ನೂರು ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರ್. ನಾಲ್ಕು ಮಾನದ ತೋಟಾ ನೂರು ಮೀಟರಿನಲ್ಲಿ ಹನ್ನೆರಡು ಸೆಂಟಿಮೀಟರ್ ಹರಡಿದರೆ, ಐವತ್ತು ಮೀಟರಿನಲ್ಲಿ ಆರು. ಮರ್ಮಸ್ಥಾನ ಹದಿನೈದು ಸೆಂಟಿಮೀಟರ್ ಎಂದಾಗ ಐವತ್ತು ಮೀಟರಿಗೆ ಅದು ಸಾಕೆಂದು ತೋರಬಹುದು. ಆದರೆ ಆ ಆರು ಸೆಂಟಿಮೀಟರ್ ಹೊಯಿಗೆ ಚೀಲದ ಮೇಲಿನದು. ರಾತ್ರಿ ಟಾರ್ಚಿನ ಬೆಳಕಿನಲ್ಲಿ, ಏದುಸಿರಿನಲ್ಲಿ, ನಿಲ್ಲದ ಪ್ರಾಣಿಯೆದುರು ಕೈಯ ತಪ್ಪು ಅದಕ್ಕೆ ಕೂಡಿಕೊಳ್ಳುತ್ತದೆ. ಆದ್ದರಿಂದ ನೂರು ಮೀಟರಿನಲ್ಲಿ ಐದು ಗುಂಡುಗಳನ್ನು ಏಳೆಂಟು ಸೆಂಟಿಮೀಟರಿನೊಳಗೆ ಇಡುವ ತೋಟಾವನ್ನು ಆರಿಸಿಕೊಂಡು ಐವತ್ತು ಮೀಟರಿನೊಳಗೇ ಹೊಡೆಯುವುದು ವಿವೇಕ. ನಿಖರತೆ ಮೊದಲು, ಬಲ ಆಮೇಲೆ. ಹಂದಿಯ ಹಿಂಗಾಲಿಗೆ ತಾಗಿದ ಬಲಶಾಲಿ ಗುಂಡಿಗಿಂತ ಶ್ವಾಸಕೋಶಕ್ಕೆ ತಾಗಿದ ಸಾಧಾರಣ ಗುಂಡು ಮೇಲು.

ಗುಂಡಿನ ರಚನೆಯನ್ನೂ ಗಮನಿಸಬೇಕು. ಪೂರ್ತಿ ಲೋಹದ ಕವಚವಿರುವ ಗುಂಡು ಹಾಳೆಯ ಮೇಲೆ ಎಷ್ಟು ಅಂದವಾಗಿ ಬಿದ್ದರೂ ಹಂದಿಯ ಮೈಯನ್ನು ಸೂಜಿಯಂತೆ ದಾಟಿ ಹೋಗುತ್ತದೆ. ಪ್ರಾಣಿ ಬೇಗ ಸಾಯುವುದಿಲ್ಲ, ಗುಂಡು ಆಚೆಗೆ ಹಾರುತ್ತದೆ. ಮೂತಿಯಲ್ಲಿ ಸೀಸ ತೆರೆದಿರುವ ಮೃದುಮೂತಿಯ ಗುಂಡು ಒಳಗೆ ಅರಳಿ ಅಲ್ಲೇ ಶಕ್ತಿಯನ್ನು ಕಳೆಯುತ್ತದೆ. ನಮ್ಮ ನೆಲಕ್ಕೆ ಇದು ಬಹಳ ಮುಖ್ಯ. .30-06ರ ಗುಂಡು ತಡೆಯಿಲ್ಲದಿದ್ದರೆ ಮೂರು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಮುರಕಲ್ಲಿನ ಪಾರೆಗೆ ತಾಗಿದರೆ ದಿಕ್ಕು ಬದಲಿಸಿ ಹಾರುತ್ತದೆ. ತೋಟದಿಂದ ತೋಟಕ್ಕೆ ಮನೆಗಳಿರುವ ಕಾಸರಗೋಡಿನಲ್ಲಿ ಗುಂಡಿನ ಹಿಂದೆ ಮಣ್ಣು ಇರಲೇಬೇಕು. ಅಟ್ಟಳಿಗೆಯ ಮೇಲಿನಿಂದ ಕೆಳಮುಖವಾಗಿ ಹೊಡೆದರೆ ನೆಲವೇ ತಡೆಯಾಗುತ್ತದೆ. ದಿಣ್ಣೆಯ ನೆತ್ತಿಯ ಮೇಲೆ ನಿಂತ ಹಂದಿಗೆ ಹೊಡೆಯುವುದು ಅಪರಾಧಕ್ಕೆ ಸಮ.

ಹೀಗೆ ಪರೀಕ್ಷಿಸಿ ಆರಿಸಿದ ಮೇಲೆ ಡಬ್ಬಿಯ ಮೇಲಿನ ತಯಾರಿಕಾ ತಂಡದ ಸಂಖ್ಯೆ ಬರೆದಿಟ್ಟುಕೊಂಡು ಅದೇ ತಂಡದ ತೋಟಾಗಳನ್ನು ಕೊಳ್ಳಬೇಕು. ತಂಡ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗಬಹುದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಅಧಿಕ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ತೇವ ತೋಟಾದ ಶತ್ರು. ಗಾಳಿಯಾಡದ ಡಬ್ಬಿ, ಒಣ ಜಾಗ, ಮಕ್ಕಳ ಕೈಗೆ ಸಿಗದ ಬೀಗ ಈ ಮೂರೂ ಬೇಕು. ಅಟ್ಟದ ಮೂಲೆಯಲ್ಲಿ ಹತ್ತು ಮಳೆಗಾಲ ಕಂಡ ತೋಟಾ ಸಿಡಿಯದಿದ್ದರೆ ಹಂದಿ ಎದುರಲ್ಲೇ ಇರುತ್ತದೆ. ತಡವಾಗಿ ಸಿಡಿದರೆ ಇನ್ನೂ ಕೆಟ್ಟದು.

ತೋಟಾದ ಸಂಖ್ಯೆ, ಅಭ್ಯಾಸದ ಬಡತನ

ಮೂರು ಬಗೆಯ ತೋಟಾ, ಒಂದೊಂದಕ್ಕೆ ಐದು ಗುಂಡುಗಳ ಎರಡು ಗುಂಪು ಎಂದರೆ ಮೂವತ್ತು ಗುಂಡು. ಪರವಾನಗಿ ಪುಸ್ತಕದಲ್ಲಿ ನಮೂದಾದ ಸಂಖ್ಯೆಗಿಂತ ಹೆಚ್ಚು ತೋಟಾ ಯಾರೂ ಕೊಳ್ಳುವಂತಿಲ್ಲ. ಪರೀಕ್ಷೆಗೇ ಅಷ್ಟು ಖರ್ಚಾದರೆ ಕಾವಲಿಗೇನು ಉಳಿಯಿತು? ಪರೀಕ್ಷೆ ಮಾಡಲು ಸುರಕ್ಷಿತ ಮೈದಾನವಾದರೂ ಕೃಷಿಕರಿಗೆ ಎಲ್ಲಿದೆ? ಹೀಗಾಗಿ ಕೋವಿ ಪರವಾನಗಿ ಸಿಕ್ಕಿದ ದಿನದಿಂದ ನವೀಕರಣದ ದಿನದ ತನಕ ಒಂದು ಹಾಳೆಗೂ ಗುಂಡು ಹೊಡೆಯದವರೇ ನಮ್ಮಲ್ಲಿ ಹೆಚ್ಚು.

ನಾರ್ವೆಯಲ್ಲಿ ಜಿಂಕೆ, ಎಲ್ಕ್ ಮುಂತಾದ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರು ಪ್ರತಿ ವರ್ಷ ಗುರಿ ಪರೀಕ್ಷೆ ತೇರ್ಗಡೆಯಾಗಬೇಕು. ನೂರು ಮೀಟರಿನಲ್ಲಿ ಪ್ರಾಣಿಯ ಆಕೃತಿಯ ಹಲಗೆಗೆ ಐದು ಗುಂಡು, ಐದೂ ಮರ್ಮದ ವೃತ್ತದೊಳಗೆ. ಪರೀಕ್ಷೆಗೆ ಮುನ್ನ ಅಭ್ಯಾಸದ ಗುಂಡುಗಳೂ ಕಡ್ಡಾಯ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪಾಣತ್ತೂರಿನ ಗಡಿಯಾಚೆಯ ಕೊಡಗಿನಲ್ಲಿ ಕೋವಿಗೆ ಕಾನೂನಿನ ವಿನಾಯಿತಿ 2029ರವರೆಗೆ ಇದೆ. ಅದರೊಂದಿಗೆ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಯೂ ಇದೆ. ಆ ಸ್ಪರ್ಧೆಯನ್ನು ವಿನೋದವೆಂದು ಬಗೆದರೂ ಕೋವಿ ಹಿಡಿದ ಕೈಗೆ ವರ್ಷಕ್ಕೊಮ್ಮೆಯಾದರೂ ಎಲ್ಲರೆದುರು ಪರೀಕ್ಷೆಯಾಗುತ್ತದೆ. ನಮ್ಮಲ್ಲಿ ವಿನಾಯಿತಿಯೂ ಇಲ್ಲ, ಪರೀಕ್ಷೆಯೂ ಇಲ್ಲ.

ಇದಕ್ಕೆ ಚುನಾವಣೆಯ ತೊಡಕು ಬೇರೆ. ಮತದಾನ ಘೋಷಣೆಯಾದೊಡನೆ ಬೆಳೆ ರಕ್ಷಣೆಯ ಕೋವಿಗಳನ್ನು ಠಾಣೆಯಲ್ಲಿಡಬೇಕೆಂಬ ಸೂಚನೆ ಬರುತ್ತದೆ. ಒಬ್ಬೊಬ್ಬರ ಪ್ರಕರಣವನ್ನು ಪರಿಶೀಲನಾ ಸಮಿತಿ ಪ್ರತ್ಯೇಕವಾಗಿ ನೋಡಿ ತೀರ್ಮಾನಿಸಬೇಕೆಂಬ ಕ್ರಮವಿದ್ದರೂ ಅನುಭವದಲ್ಲಿ ಎಲ್ಲರಿಗೂ ಒಂದೇ ಕಾಗದ. 2025ರ ಡಿಸೆಂಬರಿನ ಸ್ಥಳೀಯ ಚುನಾವಣೆಯ ಬೆನ್ನಿಗೇ 2026ರ ವಿಧಾನಸಭಾ ಚುನಾವಣೆ ಇದ್ದುದರಿಂದ ಕೋವಿ ಒಪ್ಪಿಸುವುದೂ ಮರಳಿ ತರುವುದೂ ಒಂದು ಕೃಷಿಯಾಗಿಬಿಟ್ಟಿತು. ಠಾಣೆಯ ಮೂಲೆಯಲ್ಲಿ ರಾಶಿ ಬಿದ್ದು ಮರಳಿದ ರೈಫಲಿನ ಗುರಿಕಣ್ಣು ಅಲುಗಿದ್ದರೆ ಹಿಂದೆ ಮಾಡಿದ ಪರೀಕ್ಷೆಯೆಲ್ಲ ವ್ಯರ್ಥ.

ಓದಲಾಗದ ಎಚ್ಚರಿಕೆ

ಈ ಮಾತಿಗೂ ಭಾಷೆಗೂ ಏನು ನಂಟು ಎಂದು ಕೇಳುವವರಿದ್ದಾರೆ. ತೋಟಾದ ಉದ್ದ, ಚರೆಯ ಅಕ್ಷರ, ಹೊಡೆಯಬಹುದಾದ ದೂರ, ಹೂಳುವ ವಿಧಾನ, ವರದಿ ಮಾಡಬೇಕಾದ ಅವಧಿ ಇವೆಲ್ಲ ಜೀವ ಉಳಿಸುವ ಮಾಹಿತಿಗಳು. ಆ ಹಿರಿಯರ ಕೈಯಲ್ಲಿದ್ದ ಕಾಗದವನ್ನು ನಾವು ಓದಿ ಹೇಳಿದಾಗ, ಗರ್ಭಿಣಿ ಹಂದಿಯನ್ನೂ ಮರಿಗಳೊಂದಿಗಿರುವ ಹಂದಿಯನ್ನೂ ಬಿಡಬೇಕೆಂಬ ಸಾಲನ್ನು ಅವರು ಮೊದಲ ಬಾರಿಗೆ ಕೇಳಿದರು. ಎರಡು ತಿಂಗಳಿಂದ ಆ ಕಾಗದ ಅವರ ಮನೆಯಲ್ಲಿತ್ತು. ತಿಳಿಯದೆ ತಪ್ಪಿದ್ದರೆ ಮೊಕದ್ದಮೆ ಹೂಡುವಾಗ 'ನಿಮಗೆ ಲಿಖಿತ ಸೂಚನೆ ಕೊಟ್ಟಿದ್ದೆವು' ಎಂದೇ ಹೇಳುತ್ತಿದ್ದರು.

ಸಂವಿಧಾನದ 350ನೆಯ ವಿಧಿ ಯಾವುದೇ ಪ್ರಜೆ ತನ್ನ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆನ್ನುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾನೂನು ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನೂ ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಶಾಲೆ, ನೇಮಕಾತಿ, ನಾಮಫಲಕಗಳ ವಿಷಯದಲ್ಲಿ ನಾವು ಈ ಹಕ್ಕನ್ನು ಎತ್ತಿ ಹೇಳುತ್ತ ಬಂದಿದ್ದೇವೆ. ಮದ್ದುಗುಂಡಿನ ವಿಷಯದಲ್ಲಿ ಎತ್ತಲಿಲ್ಲವೆಂಬುದು ನಮ್ಮದೇ ಲೋಪ. ಮಲೆಯಾಳದ ಮೇಲೆ ನಮಗೆ ಮುನಿಸಿಲ್ಲ. ನೆರೆಮನೆಯ ಮಲೆಯಾಳಿ ಕೃಷಿಕರ ಮರಗೆಣಸನ್ನೂ ಅದೇ ಹಂದಿ ಕೀಳುತ್ತದೆ. ಎಚ್ಚರಿಕೆ ಓದುವವನ ಭಾಷೆಯಲ್ಲಿರಬೇಕೆಂಬುದಷ್ಟೇ ನಮ್ಮ ಮಾತು.

ಆಕ್ಷೇಪಕ್ಕೆ ಉತ್ತರ

ಒಳ್ಳೆಯ ತೋಟಾ, ಹೆಚ್ಚು ರೈಫಲ್ ಎಂದರೆ ಬೇಟೆಗೆ ಬಾಗಿಲು ತೆರೆದಂತಲ್ಲವೆ ಎಂದು ಪರಿಸರಪ್ರಿಯ ಗೆಳೆಯರು ಕೇಳುತ್ತಾರೆ. ಹಂದಿ ಚಿರತೆಯ, ಹುಲಿಯ ಆಹಾರ. ಅದು ನಿರ್ನಾಮವಾದರೆ ಚಿರತೆ ನಮ್ಮ ಹಟ್ಟಿಗೆ ಬರುತ್ತದೆ. ಈ ಆತಂಕ ಸಾಧುವಾದದ್ದು. ಕೊಲ್ಲುವುದು ಕೊನೆಯ ದಾರಿಯಾಗಬೇಕು, ಬೇಲಿಗೆ ಸಹಾಯಧನ, ಪರಿಹಾರದ ಶೀಘ್ರ ಪಾವತಿ ಮೊದಲು ಬರಬೇಕು ಎಂಬುದನ್ನು ನಾವೂ ಒಪ್ಪುತ್ತೇವೆ.

ಆದರೆ ಕಾನೂನಿನ ದಾರಿ ಕೆಲಸ ಮಾಡದಿದ್ದಾಗ ಜನ ಹಿಡಿಯುವ ದಾರಿಯನ್ನೂ ನೋಡಬೇಕು. 2020ರ ಮೇ ತಿಂಗಳಲ್ಲಿ ಪಾಲಕ್ಕಾಡಿನಲ್ಲಿ ಗರ್ಭಿಣಿ ಆನೆಯೊಂದು ಸ್ಫೋಟಕ ತುಂಬಿದ ತಿನಿಸನ್ನು ಕಚ್ಚಿ ಬಾಯಿ ಒಡೆದು ನೀರಿನಲ್ಲಿ ನಿಂತೇ ಸತ್ತಿತು. ಅಂಥ ಸ್ಫೋಟಕಗಳನ್ನು ಇಡುವುದು ಹಂದಿಗಾಗಿ. 2025ರ ಜೂನಿನಲ್ಲಿ ನಿಲಂಬೂರಿನ ಬಳಿ ಹಂದಿಗೆಂದು ಕದ್ದು ಎಳೆದ ವಿದ್ಯುತ್ತಿನ ತಂತಿ ತಾಗಿ ಹತ್ತನೆಯ ತರಗತಿಯ ಪ್ರಾಯದ ಹುಡುಗನೊಬ್ಬ ಪ್ರಾಣ ಬಿಟ್ಟ. ಉರುಳಿಗೆ, ಪಟಾಕಿಗೆ, ತಂತಿಗೆ ಹಂದಿ ಯಾವುದು, ಆನೆ ಯಾವುದು, ಮಗು ಯಾವುದು ಎಂಬ ಭೇದವಿಲ್ಲ. ಗುರಿ ನೋಡಿ ಹೊಡೆಯುವ ಒಂದು ಗುಂಡಿಗೆ ಆ ಭೇದವಿದೆ. ಪ್ರಾಣಿಯ ಮೇಲಿನ ದಯೆಯಿಂದ ನೋಡಿದರೂ ನೆರೆಯವರ ಸುರಕ್ಷೆಯಿಂದ ನೋಡಿದರೂ ನಿಖರವಾದ ಒಂದು ಗುಂಡೇ ಕಡಿಮೆ ಕೇಡಿನದು. ಸೀಸದ ಮಾತೂ ಇದೆ: ಹೊಡೆದ ಹಂದಿಯನ್ನು ಹೂಳದೆ ಬಿಟ್ಟರೆ ಸೀಸದ ಚೂರು ಹದ್ದು ರಣಹದ್ದುಗಳ ಹೊಟ್ಟೆ ಸೇರುತ್ತದೆ. ಈ ಕಾರಣಕ್ಕಾಗಿಯೇ ಅಮೆರಿಕದ ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ರಣಹದ್ದುಗಳು ಇನ್ನೂ ಉಳಿದಿರುವ ವಯನಾಡಿನ ನಮ್ಮ ಕನ್ನಡ ಬಂಧುಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ನಾವು ಕೇಳುವುದು

ಜಿಲ್ಲೆಯ 38 ಗ್ರಾಮ ಪಂಚಾಯತುಗಳಲ್ಲಿ ಈ ಆದೇಶ ಅರ್ಥಪೂರ್ಣವಾಗಬೇಕಿದ್ದರೆ ಕೆಲವು ಸಣ್ಣ ಕೆಲಸಗಳು ಆಗಬೇಕು. ವರ್ಷಕ್ಕೆ ಎರಡು ಬಾರಿ, ಬೆಳೆ ಏರುವ ಮುನ್ನ, ಪೋಲೀಸ್ ಇಲಾಖೆಯ ಗುರಿ ಮೈದಾನವನ್ನು ಪಂಚಾಯತಿನ ಪಟ್ಟಿಯಲ್ಲಿರುವ ಕೋವಿಗಾರರಿಗೆ ತೆರೆಯಲಿ; ಅಲ್ಲಿ ಖರ್ಚಾದ ತೋಟಾಗಳನ್ನು ಪರವಾನಗಿಯ ಸಂಖ್ಯೆಯಿಂದ ಹೊರಗಿಡಲಿ. ಹಳೆಯ ಕೋವಿಗಳ ನಳಿಗೆ, ಗರ್ಭದ ಅಳತೆ ಮತ್ತು ಸೂಕ್ತ ತೋಟಾದ ಬಗೆಯನ್ನು ಆಯುಧ ಪರಿಣತರು ನೋಡಿ ಪರವಾನಗಿ ಪುಸ್ತಕದಲ್ಲೇ ಬರೆಯಲಿ. ಐದು ಗುಂಡಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಕೆಲವರಿಗೆ ಪಂಚಾಯತಿನ ಶಿಫಾರಸಿನ ಮೇಲೆ ರೈಫಲಿನ ಪರವಾನಗಿ ಕೊಡಲಿ; ತೇರ್ಗಡೆಯಾಗದವರನ್ನು ರಾತ್ರಿಯ ಕೆಲಸಕ್ಕೆ ಕಳುಹಿಸದಿರಲಿ. ಚುನಾವಣೆಯ ವೇಳೆ ಪಟ್ಟಿಯಲ್ಲಿರುವವರ ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಲಿ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಆದೇಶ, ಸುರಕ್ಷಾ ಪಾಠ, ಅರ್ಜಿ ನಮೂನೆ ಎಲ್ಲವೂ ಕನ್ನಡದಲ್ಲೂ ಸಿಗಲಿ. ಅನುವಾದದ ಕೆಲಸವನ್ನು ಸಂಬಳವಿಲ್ಲದೆ ಮಾಡಿಕೊಡಲು ನಾವು ಅಧ್ಯಾಪಕರು ಸಿದ್ಧರಿದ್ದೇವೆ. ಇದನ್ನು ಬರೆದು ಕೊಡಲೂ ಸಿದ್ಧ.

ಆ ಸಂಜೆ ಹಿರಿಯರಿಗೆ ನಾವು ಹೇಳಿದ್ದು ಇಷ್ಟೇ: ಉದ್ದದ ಎರಡು ತೋಟಾಗಳನ್ನು ಅಂಗಡಿಗೆ ಮರಳಿಸಿ ಬರೆಸಿಕೊಳ್ಳಿ, ಅಕ್ಷರ ಮಾಸಿದ್ದನ್ನು ಹೊಡೆಯಬೇಡಿ, ಕೋವಿಯನ್ನು ಬಲ್ಲವರಿಗೆ ತೋರಿಸದೆ ಎತ್ತಬೇಡಿ. ಅವರು ಸುಮ್ಮನೆ ಕೇಳಿ, ತೋಟಾಗಳನ್ನು ಬೈರಾಸಿನಲ್ಲಿ ಕಟ್ಟಿಕೊಂಡು, "ಹಾಗಾದರೆ ಇವತ್ತು ರಾತ್ರಿ ಏನು ಮಾಡುವುದು ಮಾಷ್ಟ್ರೇ?" ಎಂದು ಕೇಳಿದರು. ಡಬ್ಬ ಬಡಿಯುತ್ತ ಕಾವಲು ಕೂರುವುದಲ್ಲದೆ ಬೇರೆ ಉತ್ತರ ನಮ್ಮಲ್ಲಿರಲಿಲ್ಲ. ಆ ಪ್ರಶ್ನೆಯನ್ನು ಈಗ ಜಿಲ್ಲಾಡಳಿತದ ಮುಂದಿಡುತ್ತಿದ್ದೇವೆ.